ಊರಿನ ಜೀರ್ಣೋದ್ಧಾರ

ಶಿಥಿಲವಾದ ದೇವಾಲಯವನ್ನು ಮತ್ತೆ ಕಟ್ಟುವಾಗ ಆಗಮಗಳು ಮೊದಲಿಗೇ ಕಲ್ಲಿಗೆ ಕೈಹಚ್ಚಲು ಬಿಡುವುದಿಲ್ಲ. ವಿಗ್ರಹದ ಸಾನ್ನಿಧ್ಯವನ್ನು ಮಂತ್ರಪೂರ್ವಕವಾಗಿ ಕುಂಭದ ನೀರಿಗೆ ಇಳಿಸಿಕೊಂಡು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜೆ ಮುಂದುವರಿಸುತ್ತಾರೆ. ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ, ಕುಂಭಾಭಿಷೇಕ. ಗೋಡೆ ಬದಲಾಗಬಹುದು, ಗೋಪುರ ಬದಲಾಗಬಹುದು, ಕೆಲವೊಮ್ಮೆ ವಿಗ್ರಹವೂ ಬದಲಾಗಬಹುದು. ಪೂಜೆ ಮಾತ್ರ ತಪ್ಪಬಾರದು. ಈ ವಿಧಿಯ ಹಿಂದಿರುವ ಪ್ರಶ್ನೆ ಊರುಗಳಿಗೂ ಸಲ್ಲುತ್ತದೆ: ಕಟ್ಟಿದ್ದೆಲ್ಲ ಬದಲಾದ ಮೇಲೂ ಅದೇ ಊರು ಎನ್ನಬೇಕಾದರೆ ಏನು ಉಳಿದಿರಬೇಕು?

ಮಡಕೆ ಒಡೆದರೂ ಅದರೊಳಗಿನ ಆಕಾಶಕ್ಕೆ ಏನೂ ಆಗದು ಎನ್ನುತ್ತದೆ ಅದ್ವೈತ. ಹನ್ನೆರಡನೇ ಶತಮಾನದ ಶರಣರು ಕಟ್ಟಿ ನಿಲ್ಲಿಸಿದ ಸ್ಥಾವರಕ್ಕಿಂತ ನಡೆದಾಡುವ ಜಂಗಮವನ್ನು ಹಿರಿದೆಂದರು. ಎರಡು ನಿಲುವುಗಳೂ ಕಟ್ಟಡದ ಮೋಹವನ್ನು ಬಿಡಿಸುತ್ತವೆ. ಆದರೆ ವೀರಶೈವರಾದ ಕೆಳದಿಯ ಅರಸರು ಮಠಗಳಿಗೆ ಆಶ್ರಯ ಕೊಟ್ಟದ್ದಲ್ಲದೆ ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇವಾಲಯಗಳನ್ನೂ ಬೆಳೆಸಿದರು, ಕೆರೆಗಳನ್ನೂ ಕಟ್ಟಿಸಿದರು. ಇದನ್ನು ತತ್ತ್ವಕ್ಕೆ ತಪ್ಪಿದ ನಡೆ ಎನ್ನಲಾಗದು. ನಡೆದಾಡುವವರಿಗೂ ದಾರಿ ಬೇಕು, ಕೂಡುವವರಿಗೂ ಅಂಗಳ ಬೇಕು. ಊರಿನ ವಿನ್ಯಾಸ ಆ ದಾರಿ, ಅಂಗಳಗಳದ್ದೇ ಚಿಂತೆ.

ಆ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಸಾಗಿತು. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡು ಹೈದರ್‌ನಗರವೆಂದು ಕರೆದ. ಮುಂದೆ ಅದು ನಗರವೆಂದೇ ಉಳಿಯಿತು. ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋದಾಗ ಆ ಜಾಗ ಹೊಸನಗರವಾಯಿತು. ಹೆಸರೂ ಅಧಿಕಾರವೂ ಹೋದವು. ಕೋಟೆ, ದೇವಗಂಗೆಯ ಕೊಳಗಳು ಇದ್ದಲ್ಲೇ ಉಳಿದವು. ಹೊಸನಗರ ತನ್ನದೇ ಬಾಳು ಕಟ್ಟಿಕೊಂಡ ಒಳ್ಳೆಯ ಊರು, ಆದರೆ ಬಿದನೂರಿನ ಮುಂದುವರಿಕೆಯಲ್ಲ.

ಇದಕ್ಕಿಂತ ಕಠಿಣವಾದದ್ದು ಶರಾವತಿ ಕಣಿವೆಯ ಅನುಭವ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಹಿನ್ನೀರಿನಡಿ ಸೇರಿದವು. ಪುನರ್ವಸತಿಯ ಕಡತ ಮನೆ, ಗದ್ದೆ, ತೋಟಗಳನ್ನು ಎಣಿಸಬಲ್ಲದು. ಕೊಯ್ಲಿಗೆ ಮುಯ್ಯಾಳಾಗಿ ಬರುತ್ತಿದ್ದ ನೆರೆಯವರನ್ನು, ಊರಬನದ ದಾರಿಯನ್ನು ಎಣಿಸುವ ಕಾಲಂ ಅದರಲ್ಲಿ ಇರುವುದಿಲ್ಲ. ಒಂದೇ ಕೇರಿಯವರು ಬೇರೆ ಬೇರೆ ದಿಕ್ಕಿಗೆ ಹಂಚಿಹೋದರೆ ಪ್ರತಿಯೊಬ್ಬರಿಗೂ ಸೂರು ಸಿಕ್ಕಿದರೂ ಕೇರಿ ಇಲ್ಲವಾಗುತ್ತದೆ. ಸೂರಿನ ಮಾತೂ ಪೂರ್ತಿ ನಿಜವಲ್ಲ: ಅನೇಕ ಸಂತ್ರಸ್ತ ಕುಟುಂಬಗಳ ಭೂಮಿ ಹಕ್ಕಿನ ಪ್ರಶ್ನೆ ಆರು ದಶಕ ಕಳೆದರೂ ತೀರಿಲ್ಲ. ಇನ್ನು ಹಿನ್ನೀರಿನಾಚೆಯ ತುಮರಿ ಕಡೆಯವರು ಮುಳುಗದೆಯೂ ಹೊರ ಊರುಗಳಿಂದ ದೂರವಾದರು. ಆಸ್ಪತ್ರೆಗಾಗಲಿ, ಸಾಗರದ ಪೇಟೆಗಾಗಲಿ ಲಾಂಚ್ ಕಾಯಬೇಕಿತ್ತು, ಇಲ್ಲವೇ ಬಹುದೂರ ಸುತ್ತಬೇಕಿತ್ತು. ಸುಮಾರು 2.4 ಕಿ.ಮೀ. ಉದ್ದದ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಸಿಗಂದೂರು ಚೌಡೇಶ್ವರಿಯ ಭಕ್ತರಿಗೆ ಅದು ಅನುಕೂಲ. ದಡದಾಚೆಯವರಿಗೆ ಎರಡು ತಲೆಮಾರು ತಡವಾಗಿ ಬಂದ ನ್ಯಾಯ.

ಸಾಗರ ಪಟ್ಟಣ ಕೆರೆಯಿಂದ ಹುಟ್ಟಿದ್ದು. ಕೆಳದಿಯ ಅರಸ ಸದಾಶಿವನಾಯಕನ ಹೆಸರಿನ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ. ಇಂಥ ಕೆರೆಯ ಅಭಿವೃದ್ಧಿಯೆಂದರೆ ಈಗ ಎಲ್ಲೆಡೆ ನಡಿಗೆ ಪಥ, ಬೇಲಿ, ದೀಪ ಎಂದಾಗಿದೆ. ಅವು ಬೇಡವೆಂದಲ್ಲ. ಆದರೆ ನೀರು ತರುವ ಕಾಲುವೆ ಮುಚ್ಚಿ, ಕೋಡಿ ಕಟ್ಟಿಕೊಂಡು, ಮೆಟ್ಟಿಲಿಳಿದು ನೀರು ಮುಟ್ಟಲು ಆಗದಂತಾದರೆ ಉಳಿಯುವುದು ನೋಟ ಮಾತ್ರ. ಕೆರೆಯ ಸಾನ್ನಿಧ್ಯ ಅದರ ಒಳಹರಿವಿನಲ್ಲಿದೆ, ಅದಕ್ಕೂ ಜನಕ್ಕೂ ಇರುವ ಬಳಕೆಯಲ್ಲಿದೆ.

ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಇದೇ ಮಾತನ್ನು ಬೇರೆ ರೀತಿಯಲ್ಲಿ ತೋರಿಸುತ್ತದೆ. ಅಮ್ಮನಿಗೆ ಪೇಟೆಯಲ್ಲಿ ತವರುಮನೆಯ ಗುಡಿಯೂ ಇದೆ, ಗಂಡನ ಮನೆಯ ಗುಡಿಯೂ ಇದೆ. ಮೊದಲು ತವರಿನಲ್ಲಿ ಪೂಜೆಗೊಂಡು ಆಮೇಲೆ ಗಂಡನ ಮನೆಗೆ ಬರುವ ದೇವಿಗೆ ಎರಡು ಗುಡಿಗಳ ನಡುವಿನ ಬೀದಿಯೂ ಆಲಯವೇ. ಅಂಗಡಿ ಸಾಲು, ಹಣ್ಣುಕಾಯಿ ಹಿಡಿದು ನಿಂತ ಸರದಿ, ತವರಿಗೆ ಬಂದ ಹೆಣ್ಣುಮಕ್ಕಳು, ಎಲ್ಲರಿಗೂ ಆ ದಿನಗಳಲ್ಲಿ ರಸ್ತೆ ಎಡೆ ಕೊಡುತ್ತದೆ. ವಾಹನದ ವೇಗವೊಂದನ್ನೇ ಲೆಕ್ಕ ಹಿಡಿದು ರಸ್ತೆ ಅಗಲಿಸುವ ನಕ್ಷೆ ಈ ಎಡೆಯನ್ನೂ ಕಾಣಬೇಕು. ಜಾತ್ರೆಯಿಲ್ಲದ ದಿನ ದಾಟಲು ನಿಂತ ಮುದುಕಿಗೂ ಅದೇ ಎಡೆ ಬೇಕು.

ತೀರ್ಥಹಳ್ಳಿಯ ಸ್ಥಿತಿ ಇನ್ನೂ ಸೂಕ್ಷ್ಮ. ಪರಶುರಾಮ ತನ್ನ ಕೊಡಲಿಯ ರಕ್ತದ ಕಲೆ ತೊಳೆದದ್ದು ಇಲ್ಲಿನ ತುಂಗೆಯಲ್ಲಿ ಎಂಬ ನಂಬಿಕೆಯಿಂದ ಎಳ್ಳಮಾವಾಸ್ಯೆಗೆ ಜನ ಮೀಯಲು ಬರುತ್ತಾರೆ. ಇಲ್ಲಿ ಪೂಜ್ಯವಾದದ್ದು ಎಂದೂ ನಿಲ್ಲದ ನೀರು. ನಿನ್ನೆಯದು ಇವತ್ತಿಲ್ಲ, ಆದರೂ ತೀರ್ಥ ಅದೇ. ಆದ್ದರಿಂದ ಇಲ್ಲಿ ವಿನ್ಯಾಸದ ಕೆಲಸ ದಡಕ್ಕೆ ಕಲ್ಲು ಹಾಸುವುದಕ್ಕಿಂತ ಮುಂಚೆ ಚರಂಡಿಯದ್ದು: ಊರಿನ ಕೊಳೆನೀರು ಶುದ್ಧಿಯಾಗದೆ ಹೊಳೆ ಸೇರದಂತೆ ನೋಡುವುದು. ತೀರ್ಥಹಳ್ಳಿ ದಾಟಿದ ತುಂಗೆ ಗಾಜನೂರಿನ ಅಣೆಕಟ್ಟಿನಲ್ಲಿ ತಂಗಿ, ಶಿವಮೊಗ್ಗದವರ ಕುಡಿಯುವ ನೀರಾಗುತ್ತಾಳೆ.