ಹಿಂದಿನ ಸೀಟಿಗೂ ಹಾಡು ಕೇಳಲಿ

ಷಷ್ಠಿಗೋ ಮಂಗಳವಾರಕ್ಕೋ ಘಾಟಿ ಸುಬ್ರಹ್ಮಣ್ಯನ ದರ್ಶನಕ್ಕೆಂದು ಮನೆಮಂದಿಯೆಲ್ಲ ಕಾರಿನಲ್ಲಿ ಹೊರಡುತ್ತೇವೆ. ಸ್ಟೀರಿಂಗ್ ಹಿಡಿದವನು ಮಗ, ಪಕ್ಕದಲ್ಲಿ ತಂದೆ, ಹಿಂದೆ ತಾಯಿ, ಸೊಸೆ, ಮೊಮ್ಮಗು. ಪೆನ್‌ಡ್ರೈವ್ ಸಿಕ್ಕಿಸಿದರೆ ದೇವರನಾಮ ಶುರು. ಊರೊಳಗೆ ನಿಧಾನವಾಗಿ ಹೋಗುವಾಗ ಸೊಗಸಾಗಿ ಕೇಳುತ್ತಿದ್ದ ಮೃದಂಗ, ದೊಡ್ಡಬಳ್ಳಾಪುರ ದಾಟಿ ಗಾಡಿ ವೇಗ ಹಿಡಿದ ಕೂಡಲೇ ಮಂಕಾಗುತ್ತದೆ. ಹಾಡೇನೂ ಬದಲಾಗಿಲ್ಲ. ರಸ್ತೆಯ ಮೇಲೆ ಉರುಳುವ ಟೈರಿನ ಸದ್ದು ಹೆಚ್ಚಾಗಿ ತಗ್ಗಿನ ಸ್ವರದ್ದು. ಅದು ಮೃದಂಗದ ಎಡಮುಖದ ಗಂಭೀರ ನಾದವನ್ನೇ ಮೊದಲು ನುಂಗುತ್ತದೆ. ಮಗ್ಗದ ಸದ್ದಿನ ನಡುವೆ ಮಾತಾಡಿ ಬೆಳೆದ ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲವನ್ನೂ ಕಿರುಚಿ ಹೇಳಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಲುಪುವುದಿಲ್ಲ. ಎದುರಿನವರಿಗೆ ಕೇಳಿಸದೆ ಹೋದ ಪದವನ್ನಷ್ಟೇ ಒತ್ತಿ ಹೇಳಬೇಕು. ಕಾರಿನ ಸ್ಟೀರಿಯೊದಲ್ಲಿರುವ ಈಕ್ವಲೈಸರ್ ಮಾಡುವುದೂ ಅದನ್ನೇ: ಒಟ್ಟು ಸೌಂಡು ಏರಿಸದೆ, ಮುಚ್ಚಿಹೋದ ಸ್ವರವನ್ನಷ್ಟೇ ಎತ್ತಿಕೊಡುತ್ತದೆ.

ಈ ತಿದ್ದುಪಡಿಯೆಲ್ಲ ನಡೆಯುವುದು ಹಾಡು ಹರಿಯುತ್ತಿರುವಾಗಲೇ. ಸಿಡಿ ಗುಣಮಟ್ಟದ ಹಾಡಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಚಾನೆಲ್. ಒಂದೊಂದರಲ್ಲೂ ಸೆಕೆಂಡಿಗೆ 44,100 ಅಂಕಿಗಳು. ಅವು ಸ್ಪೀಕರ್ ಸೇರುವ ಮುನ್ನವೇ ಒಳಗಿನ ಪುಟ್ಟ ಚಿಪ್ ಗುಣಿಸಿ, ಕೂಡಿಸಿ ಮುಗಿಸಬೇಕು. ಲೆಕ್ಕ ಸರಿಯಿದ್ದೂ ತಡವಾದರೆ ಹಾಡು ತುಂಡುತುಂಡಾಗುತ್ತದೆ. ಇಂಥ ಸಿಗ್ನಲ್ ಪ್ರೊಸೆಸಿಂಗ್ ಚಿಪ್‌ಗಳಿಗೆ ಹೆಸರಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂದಿತು. ಈ ವಿದ್ಯೆ ನಮ್ಮ ನೆರೆಯದೇ. ಈ ಚಿಪ್ ಮಾಡುವ ಕೆಲಸಗಳಲ್ಲಿ ಮನಸ್ಸಿಗೆ ಬಹಳ ಹಿಡಿಸುವುದು ಟೈಮ್ ಅಲೈನ್‌ಮೆಂಟ್. ನಮ್ಮ ಕಾರುಗಳಲ್ಲಿ ಓಡಿಸುವವರು ಕೂರುವುದು ಬಲಕ್ಕೆ. ಬಲಬಾಗಿಲಿನ ಸ್ಪೀಕರ್‌ಗಿಂತ ಎಡಬಾಗಿಲಿನದು ಅವರ ಕಿವಿಗೆ ಅರ್ಧ ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಎಡಗಡೆಯ ದನಿ ಸುಮಾರು ಒಂದೂವರೆ ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಮೊದಲು ಮುಟ್ಟಿದ ದನಿಯ ಕಡೆಗೇ ಕಿವಿ ವಾಲುವುದರಿಂದ ಹಾಡುಗಾರ ಬಲಬಾಗಿಲಿನಲ್ಲೇ ಕೂತಂತೆ ಭಾಸವಾಗುತ್ತದೆ. ಅದಕ್ಕೆ ಚಿಪ್ ಕಂಡುಕೊಂಡ ಉಪಾಯ ಸರಳ: ಹತ್ತಿರದ ಸ್ಪೀಕರನ್ನು ಸುಮಾರು 65 ಅಂಕಿಗಳಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ಆಗ ಎರಡೂ ದನಿ ಒಟ್ಟಿಗೆ ಬಂದು ಮುಟ್ಟುತ್ತವೆ. ಹಾಡುಗಾರ ಎದುರಿಗೆ, ಗಾಜಿನ ನಡುವೆ ಬಂದು ಕೂರುತ್ತಾನೆ.

ಆದರೆ ಈ ಸೊಗಸು ಯಾರಿಗೆ ಎಂಬುದನ್ನೂ ನೋಡಬೇಕು. ಪಕ್ಕದಲ್ಲಿ ಕೂತ ತಂದೆಗೆ ಎಡಬಾಗಿಲಿನ ಸ್ಪೀಕರ್ ಮೊದಲೇ ಹತ್ತಿರ. ಅವರ ಪಾಲಿಗೆ ಒಂದೂವರೆ ಮಿಲಿಸೆಕೆಂಡ್ ಹಿಂದೆ ಬೀಳುತ್ತಿದ್ದ ಬಲಗಡೆಯ ದನಿಯನ್ನು ಚಿಪ್ ಇನ್ನಷ್ಟು ತಡೆದಿದೆ. ಅಂತರ ಈಗ ಎರಡರಷ್ಟಾಯಿತು. ಒಬ್ಬರಿಗೆ ಸರಿಮಾಡಿದ್ದು ಇನ್ನೊಬ್ಬರಿಗೆ ಕೆಟ್ಟಿತು. ಹಿಂದಿನ ಸೀಟಿನ ತಾಯಿಯ ಸ್ಥಿತಿ ಇನ್ನೂ ಬೇರೆ. ಹಿಂಬದಿಯಲ್ಲಿ ದೊಡ್ಡ ವೂಫರ್ ಕೂರಿಸಿದ್ದರೆ ಅದರ ಗುದ್ದು ಅವರ ಬೆನ್ನಿಗೇ. ದೇವರನಾಮದ ಸಾಹಿತ್ಯ ಕಿವಿಗೆ ಬೀಳುವುದೇ ಇಲ್ಲ. ಮಗನಿಗೆ ಇದು ತಿಳಿಯುವುದಾದರೂ ಹೇಗೆ? ಅವನ ಸೀಟಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತಿದೆ. ತಾಯಿಯೂ ‘ಸ್ವಲ್ಪ ಕಡಿಮೆ ಮಾಡಪ್ಪ’ ಎನ್ನದೆ, ಮಕ್ಕಳ ಸಂತೋಷವೆಂದು ಸುಮ್ಮನಿರುತ್ತಾರೆ. ಇಲ್ಲಿ ಯಾರಲ್ಲೂ ಕೆಟ್ಟ ಮನಸ್ಸಿಲ್ಲ. ನಮಗೆ ಹಿತವಾದದ್ದು ಎಲ್ಲರಿಗೂ ಹಿತವೆಂದು ನಂಬುವುದು ಮನುಷ್ಯ ಸ್ವಭಾವ.

ಸಂಸಾರದಲ್ಲಿ ಈ ಸ್ಟೀರಿಯೊದ ಗುಂಡಿಯಂಥ ಗುಂಡಿಗಳು ಇನ್ನೂ ಎಷ್ಟೋ ಇವೆ. ಫ್ಯಾನಿನ ರೆಗ್ಯುಲೇಟರ್ ಒಬ್ಬರ ಕೈಲಿ, ಟಿವಿ ರಿಮೋಟ್ ಇನ್ನೊಬ್ಬರ ಕೈಲಿ, ಸಾರಿನ ಖಾರ ಮತ್ತೊಬ್ಬರ ಕೈಲಿ. ಗುಂಡಿ ಯಾರ ಕೈಲಿದೆಯೋ ಅವರೇ ಉಳಿದವರ ಜಾಗಕ್ಕೆ ಹೋಗಿ ನೋಡಬೇಕು. ದೂರು ಬರಲಿ ಎಂದು ಕಾಯುವುದು ವಿವೇಕವಲ್ಲ, ಏಕೆಂದರೆ ಹಿರಿಯರೂ ಮಕ್ಕಳೂ ಅನೇಕ ವೇಳೆ ದೂರುವುದೇ ಇಲ್ಲ. ಔದಾರ್ಯಕ್ಕೆ ದೊಡ್ಡ ಸಂದರ್ಭವೇ ಬೇಕೆಂದಿಲ್ಲ. ಹತ್ತಿರದಲ್ಲಿದ್ದವರು ಒಂದು ಕ್ಷಣ ತಡೆದು, ದೂರದವರು ಬಂದು ಸೇರಲು ಬಿಟ್ಟರೂ ಅದು ಔದಾರ್ಯವೇ. ಒಬ್ಬರೇ ಹೋಗುವಾಗ ನಿಮ್ಮ ಸೀಟಿಗೆ ಒಪ್ಪುವಂತೆ ಇಟ್ಟುಕೊಳ್ಳಿ, ತಪ್ಪೇನಿಲ್ಲ. ಮನೆಯವರೊಡನೆ ಘಾಟಿಗೋ ಶಿವಗಂಗೆಗೋ ಹೊರಡುವ ದಿನ ಮಾತ್ರ, ಗಾಡಿ ಮನೆಮುಂದೆ ನಿಂತಿರುವಾಗಲೇ ಹಾಡು ಹಾಕಿ, ಹಿಂದಿನ ಸೀಟಿನಲ್ಲಿ ಕೂತು ಅರ್ಧ ಹಾಡನ್ನಾದರೂ ಕೇಳಿ. ಗುದ್ದು ಹೆಚ್ಚೆನಿಸಿದರೆ ಬೇಸ್ ಇಳಿಸಿ, ಎಲ್ಲ ಸೀಟಿಗೂ ಹೊಂದುವ ಸೆಟ್ಟಿಂಗ್ ಇದ್ದರೆ ಅದನ್ನೇ ಆರಿಸಿ, ಆಂಬುಲೆನ್ಸಿನ ಸೈರನ್ ಒಳಗೆ ಕೇಳುವಷ್ಟು ಎಡೆ ಬಿಡಿ. ಆಮೇಲೆ ನಿಮ್ಮ ಕಿವಿಗೆ ತುಸು ಕಡಿಮೆಯೆನಿಸಿದರೂ, ದಾರಿಯುದ್ದಕ್ಕೂ ಅದನ್ನು ಹಾಗೆಯೇ ಇರಗೊಡಿ.