ಗುಂಡಿನ ಆಯ್ಕೆಯಲ್ಲಿ ದಯೆಗೆ ಎಡೆಯುಂಟೆ?

ಅಮೆರಿಕ ಸಂಯುಕ್ತ ಸಂಸ್ಥಾನದ ಬಹುತೇಕ ರಾಜ್ಯಗಳಲ್ಲಿ ಶರತ್ಕಾಲ ಮುಗಿಯುತ್ತ ಬಂದಂತೆ ಕೋವಿಯಿಂದ ಜಿಂಕೆಯನ್ನು ಬೇಟೆಯಾಡುವ ಋತು ತೆರೆಯುತ್ತದೆ. ಆ ದಿನಗಳಲ್ಲಿ ಹಾಲು, ಬ್ರೆಡ್ಡು ಕೊಳ್ಳಲು ಬಂದ ಗಿರಾಕಿಯೇ ಚಿಕ್ಕ ಊರಿನ ಅಂಗಡಿಯಲ್ಲಿ ತೋಟಾಗಳ ಕಪಾಟಿನ ಮುಂದೆ ನಿಂತು ವಿಚಾರಿಸುವುದುಂಟು: ಜಿಂಕೆಗೆ ಯಾವ ಅಳತೆಯ ತೋಟಾ ಸರಿ, ಕಯೋಟಿಗೆ ಯಾವುದು, ಕೋವಿಯ ಮೇಲೆ ಕೂರಿಸುವ ದೂರದರ್ಶಕ ಗುರಿಯನ್ನು ಎಷ್ಟು ಪಟ್ಟು ಹಿಗ್ಗಿಸಿ ತೋರಿಸಬೇಕು? ಈ ವಿಚಾರಣೆಯಲ್ಲಿ ಒಂದು ಮಾತು ಮರಳಿ ಮರಳಿ ಬರುತ್ತದೆ. ಪ್ರಾಣಿ ನರಳಬಾರದು, ಒಂದೇ ಏಟಿಗೆ ಬೀಳಬೇಕು ಎಂಬುದೇ ಆ ಮಾತು. ಅಲ್ಲಿಯ ಬೇಟೆಗಾರರು ಇದನ್ನು ನೀತಿಯ ಬೇಟೆ ಎನ್ನುತ್ತಾರೆ. ಗುಂಡಿನ ಆಯ್ಕೆಯಲ್ಲಿ ತೋರುವ ಎಚ್ಚರವನ್ನು ಪ್ರಾಣಿಯ ಮೇಲಿನ ಗೌರವವೆಂದೂ ದಯೆಯೆಂದೂ ಭಾವಿಸುತ್ತಾರೆ.

ಏಳು ವ್ಯಸನಗಳಲ್ಲಿ ಬೇಟೆಯೂ ಒಂದೆಂದು ಬಾಲ್ಯದಲ್ಲೇ ಕಲಿತ ಜೈನ ಗೃಹಸ್ಥನಿಗೆ ಈ ವಿಷಯ ದೂರದ್ದೆನಿಸಬಹುದು. ಆದರೆ ಅಷ್ಟು ದೂರದ್ದೇನೂ ಅಲ್ಲ. ಉತ್ತರ ಅಮೆರಿಕದ ಜೈನ ಸಂಘಗಳ ಒಕ್ಕೂಟವಾದ ‘ಜೈನಾ’ 1981ರಲ್ಲಿಯೇ ಸ್ಥಾಪನೆಯಾಯಿತು. ಅಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳಲ್ಲಿ ವ್ಯಾಪಾರಸ್ಥರೂ ಇದ್ದಾರೆ. ಇಂತಹ ಒಬ್ಬನು ನಡೆಯುತ್ತಿರುವ ಅಂಗಡಿಯೊಂದನ್ನು ದಾಸ್ತಾನು ಸಹಿತ ಕೊಂಡನೆಂದು ಊಹಿಸಬಹುದು. ದಿನಸಿಯ ಜೊತೆಗೆ ತೋಟಾಗಳ ಕಪಾಟೂ ಬಂದಿತು. ಅವನು ರಾತ್ರಿಭೋಜನ ಮಾಡುವವನಲ್ಲ, ಪರ್ವದಿನಗಳಲ್ಲಿ ಏಕಾಶನ ಬಿಟ್ಟವನಲ್ಲ. ಲಾಭದಲ್ಲಿ ಒಂದು ಭಾಗವನ್ನು ತನ್ನ ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ಕಳುಹಿಸಬೇಕೆಂದಿದ್ದಾನೆ. ಗಿರಾಕಿಯು ಅವನನ್ನೇ ಕೇಳುತ್ತಾನೆ: ಯಾವ ಗುಂಡಿನಿಂದ ಜಿಂಕೆ ಬೇಗ ಸಾಯುತ್ತದೆ?

ಈ ಪ್ರಶ್ನೆಯನ್ನು ತೂಗಬೇಕಾದರೆ ಮೊದಲು ಅದರ ಲೌಕಿಕ ಉತ್ತರವನ್ನು ತಿಳಿಯಬೇಕು. ತಿಳಿಯದೆ ಖಂಡಿಸುವುದು ನ್ಯಾಯವಲ್ಲ.

ಅಲ್ಲಿಯ ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಎಂಟು ಹತ್ತು ಅಂಗುಲ ಅಗಲದ್ದು. ಗುಂಡು ಅಲ್ಲಿಗೆ ತಗುಲಿ, ಒಳಹೊಕ್ಕು, ಅರಳಿ ಅಗಲವಾಗಬೇಕು. ಇದಕ್ಕಾಗಿ 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡ ಪಾಯಿಂಟ್ 30-06 ತೋಟಾ, 1925ರ ಪಾಯಿಂಟ್ 270, 1952ರ ಪಾಯಿಂಟ್ 308 ಇವು ಹೆಚ್ಚು ಬಳಕೆಯಲ್ಲಿವೆ. ಪಾಯಿಂಟ್ 308ರಲ್ಲಿ 150 ಗ್ರೇನ್, ಎಂದರೆ ಹತ್ತು ಗ್ರಾಮಿಗೆ ತುಸು ಕಡಿಮೆ ತೂಕದ ಗುಂಡು ಸೆಕೆಂಡಿಗೆ ಸುಮಾರು 2800 ಅಡಿ ವೇಗದಲ್ಲಿ ನಳಿಗೆಯನ್ನು ಬಿಡುತ್ತದೆ. ಕಯೋಟಿಯ ಲೆಕ್ಕ ಬೇರೆ. ಅದು ತೋಳಕ್ಕಿಂತ ಚಿಕ್ಕದು, ನರಿಗಿಂತ ದೊಡ್ಡದು. ಭಾರತದ ಗುಳ್ಳೆನರಿಗೆ ಹತ್ತಿರದ ಬಂಧು. ಅದರ ಮರ್ಮಸ್ಥಾನ ನಾಲ್ಕು ಅಂಗುಲದಷ್ಟೇ. ಬಯಲಿನಲ್ಲಿ ಇನ್ನೂರು ಮುನ್ನೂರು ಗಜ ದೂರದಿಂದ ಹೊಡೆಯಬೇಕಾದ್ದರಿಂದ ಪಾಯಿಂಟ್ 223 ಅಥವಾ ಪಾಯಿಂಟ್ 22-250 ಎಂಬ ಹಗುರವಾದ, ಅತಿವೇಗದ ತೋಟಾಗಳನ್ನು ಆರಿಸುತ್ತಾರೆ. 55 ಗ್ರೇನ್ ತೂಕದ, ತೆಳುಕವಚದ ಆ ಗುಂಡು ತಗುಲಿದೊಡನೆ ಒಳಗೇ ಚೂರುಚೂರಾಗುತ್ತದೆ. ಅದೇ ಗುಂಡನ್ನು ಜಿಂಕೆಗೆ ಹೊಡೆದರೆ ಭುಜದ ಮೇಲ್ಭಾಗದಲ್ಲಿಯೇ ಒಡೆದು, ಆಳವಿಲ್ಲದ ಭೀಕರ ಗಾಯ ಮಾಡಬಹುದು. ಪ್ರಾಣಿ ಮೈಲಿಗಟ್ಟಲೆ ಓಡಿ ದಿನಗಟ್ಟಲೆ ನರಳಿ ಸಾಯಬಹುದು. 1955ರ ಪಾಯಿಂಟ್ 243 ಎರಡಕ್ಕೂ ಒದಗುತ್ತದೆ: ಜಿಂಕೆಗೆ 100 ಗ್ರೇನಿನ ಗುಂಡು, ಕಯೋಟಿಗೆ 55ರಿಂದ 58 ಗ್ರೇನಿನದು. ಕೋವಿಯೊಂದೇ, ಡಬ್ಬಿ ಬೇರೆ. ಡಬ್ಬಿ ತಪ್ಪಿದರೆ ಫಲ ಬೇರೆ.

ದೂರದರ್ಶಕದ ಕಥೆಯೂ ಹೀಗೆಯೇ. ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿಲಿಮೀಟರ್ ಮುಂಗಾಜಿನ ಸ್ಕೋಪು ಜಿಂಕೆಬೇಟೆಯಲ್ಲಿ ಸರ್ವೇಸಾಮಾನ್ಯ. ಮುಂಗಾಜಿನ ಅಗಲವನ್ನು ಹಿಗ್ಗಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: ಆರು ಪಟ್ಟಿನಲ್ಲಿ ಆರೂವರೆ ಮಿಲಿಮೀಟರಿಗೆ ಮಿಕ್ಕಿ, ಒಂಬತ್ತರಲ್ಲಿ ನಾಲ್ಕೂವರೆಗೂ ಕಡಿಮೆ. ಜಿಂಕೆಗಳು ಹೊರಬರುವುದು ಅರುಣೋದಯ ಮತ್ತು ಸಂಧ್ಯೆಯ ಮಬ್ಬಿನಲ್ಲಿ. ಆಗ ದುರಾಸೆಯಿಂದ ಹಿಗ್ಗನ್ನು ಏರಿಸಿದವನಿಗೆ ಗುರಿ ಮಸುಕಾಗುತ್ತದೆ, ಕೈಯ ನಡುಕವೂ ಹಿಗ್ಗುತ್ತದೆ. ಕಯೋಟಿಗೆ ಇನ್ನೂ ಹೆಚ್ಚಿನ ಹಿಗ್ಗು ಬೇಕು. ಈಚಿನ ವರ್ಷಗಳಲ್ಲಿ ದೇಹದ ಶಾಖವನ್ನೇ ಚಿತ್ರವಾಗಿಸುವ ಸ್ಕೋಪುಗಳೂ ಬಂದಿವೆ. ಕತ್ತಲೆಯೂ ಆ ಪ್ರಾಣಿಗೆ ಆಸರೆಯಾಗಿ ಉಳಿದಿಲ್ಲ.

ಶಾಸನವೂ ಈ ಎಚ್ಚರವನ್ನು ಮನ್ನಿಸಿದೆ. ಕೊಲೊರಾಡೊ ರಾಜ್ಯದಲ್ಲಿ ಜಿಂಕೆಗೆ ಪಾಯಿಂಟ್ 24ಕ್ಕಿಂತ ಕಿರಿದಾದ ರೈಫಲ್ ಸಲ್ಲದು. ಗುಂಡು ಕನಿಷ್ಠ 70 ಗ್ರೇನ್ ಇರಬೇಕು, ಅರಳುವಂತಹುದಾಗಿರಬೇಕು, ನೂರು ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1899ರಲ್ಲಿ ಹೇಗ್ ನಗರದ ಸಮ್ಮೇಳನವು ಮನುಷ್ಯ ದೇಹದಲ್ಲಿ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆಯ ಹೆಸರು ಆ ಗುಂಡಿಗೆ ಅಂಟಿಕೊಂಡದ್ದು ಆ ಕಾಲದಲ್ಲಿಯೇ. ಮನುಷ್ಯನಿಗೆ ಅರಳುವ ಗುಂಡು ಕ್ರೂರ, ಜಿಂಕೆಗೆ ಅರಳದ ಗುಂಡು ಕ್ರೂರ! ಎರಡು ನಿಯಮಗಳ ಹಿಂದೆಯೂ ದಯೆಯ ಮಾತೇ ಇದೆ. ಯುದ್ಧದಲ್ಲಿ ಶತ್ರು ಗಾಯಗೊಂಡು ಬದುಕಿದರೂ ಸಾಕು. ಬೇಟೆಯಲ್ಲಿ ಬದುಕು ಎಂಬುದು ಮೊದಲೇ ಲೆಕ್ಕದಿಂದ ಹೊರಗೆ.

ಬೇಟೆಗಾರನ ವಾದ ಇಷ್ಟಕ್ಕೆ ಮುಗಿಯುವುದಿಲ್ಲ. ತೋಳಗಳು ಬಹುಪಾಲು ನಾಶವಾದ ನಾಡಿನಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಇಂದು ಸುಮಾರು ಮೂರು ಕೋಟಿಯೆಂದು ಅಂದಾಜು. ಬೇಟೆಯಿಲ್ಲದಿದ್ದರೆ ಅವು ಕಾಡನ್ನು ಬೋಳಿಸಿ ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತವೆ, ಮೋಟಾರುಗಳಿಗೆ ಸಿಕ್ಕಿ ಸಾಯುತ್ತವೆ ಎನ್ನುತ್ತಾರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಶಾಸನದಂತೆ ಉದ್ದ ಕೋವಿ ಮತ್ತು ತೋಟಾಗಳ ಮೇಲಿನ ಶೇಕಡಾ 11ರ ತೆರಿಗೆ ವನ್ಯಜೀವಿಗಳ ಪುನರುದ್ಧಾರಕ್ಕೇ ಹೋಗುತ್ತದೆ. ಇದು ಸುಳ್ಳಲ್ಲ, ಆ ಹಣದಿಂದ ಕಾಡುಗಳು ಉಳಿದಿವೆ.

ಈಗ ಶಾಸ್ತ್ರದ ಕಡೆಗೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯನ್ನು ಪ್ರಮಾದದೊಡನೆ ಜೋಡಿಸಿ ನಿರೂಪಿಸಿದ್ದಾರೆ. ಪ್ರಮಾದವೆಂದರೆ ಅಜಾಗರೂಕತೆ ಎಂದು ಲೋಕರೂಢಿಯಲ್ಲಿ ಅರ್ಥ ಮಾಡಿದರೆ ಒಂದು ಬಲೆಗೆ ಬಿದ್ದಂತಾಗುತ್ತದೆ. ಗುಂಡಿನ ತೂಕ ನೋಡಿ, ಗಾಳಿಯ ದಿಕ್ಕು ನೋಡಿ, ನೂರು ಗಜದಲ್ಲಿ ಗುರಿಕಟ್ಟನ್ನು ಪರೀಕ್ಷಿಸಿ, ಉಸಿರು ಹಿಡಿದು ಬಿಲ್ಲೆ ಎಳೆಯುವವನಷ್ಟು ಜಾಗರೂಕನು ಯಾರು? ಹಾಗಾದರೆ ಅವನು ಅಪ್ರಮತ್ತನೆ, ಅವನದು ಅಹಿಂಸೆಯೆ? ಪೂರ್ವಾಚಾರ್ಯರು ಪ್ರಮಾದವನ್ನು ಕಷಾಯದ ವಶವಾದ ಆತ್ಮದ ಸ್ಥಿತಿಯೆಂದು ಬಗೆದರು. ಕೈಯ ಎಚ್ಚರ ಬೇರೆ, ಆತ್ಮದ ಎಚ್ಚರ ಬೇರೆ. ಮೊದಲನೆಯದು ಎಷ್ಟು ಸೂಕ್ಷ್ಮವಾದರೂ ಎರಡನೆಯದಕ್ಕೆ ಬದಲಿಯಾಗಲಾರದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನ ಕಥೆಯನ್ನು ಜನ್ನನು ಹದಿಮೂರನೆಯ ಶತಮಾನದಲ್ಲಿ ಕನ್ನಡದಲ್ಲಿ ಹೇಳಿದ್ದಾನೆ. ಅಲ್ಲಿ ಒಂದು ಹನಿ ರಕ್ತವೂ ಬೀಳಲಿಲ್ಲ, ಒಂದು ಜೀವವೂ ನರಳಲಿಲ್ಲ. ಆದರೂ ಸಂಕಲ್ಪವು ಜನ್ಮಜನ್ಮಾಂತರಗಳವರೆಗೆ ಬೆನ್ನಟ್ಟಿತು.

ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯದಲ್ಲಿ ಬರುವ 108ರ ಲೆಕ್ಕ ಈ ವಿಷಯಕ್ಕೆ ಇನ್ನೂ ಹತ್ತಿರದ್ದು. ಸಂರಂಭ, ಸಮಾರಂಭ, ಆರಂಭವೆಂಬ ಮೂರು. ಮನ, ವಚನ, ಕಾಯವೆಂಬ ಮೂರು. ಕೃತ, ಕಾರಿತ, ಅನುಮತವೆಂಬ ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಗುಣಿಸಿದರೆ ನೂರೆಂಟು. ಸಂರಂಭ ಮನಸ್ಸಿನ ನಿಶ್ಚಯ. ಸಮಾರಂಭ ಅದಕ್ಕೆ ಬೇಕಾದ ಸಾಧನಗಳನ್ನು ಹೊಂದಿಸಿಕೊಳ್ಳುವುದು. ಆರಂಭ ಕಾರ್ಯಕ್ಕೆ ತೊಡಗುವುದು. ತೋಟಾ ಆರಿಸುವ ಗಳಿಗೆ ಸಮಾರಂಭದ್ದು. ಕೋವಿ ಇನ್ನೂ ಸಿಡಿದಿಲ್ಲ, ಜಿಂಕೆ ಎಲ್ಲಿಯೋ ಹುಲ್ಲು ಮೇಯುತ್ತಿದೆ. ಆದರೂ ಲೆಕ್ಕದ ಪುಸ್ತಕ ತೆರೆದಾಗಿದೆ. ‘ಸಮಾರಂಭ’ ಎಂಬ ಶಬ್ದ ಇಂದು ಮದುವೆಯ ಕರೆಯೋಲೆಗಳಲ್ಲಿ ಮಾತ್ರ ಉಳಿದಿರುವುದರಿಂದ ಅದರ ಈ ಮೂಲಾರ್ಥ ಅನೇಕರಿಗೆ ಮರೆತೇ ಹೋಗಿದೆ.

ಹೀಗೆಂದು, ಎಚ್ಚರದ ಬೇಟೆಗಾರನೂ ಎಚ್ಚರಗೇಡಿಯೂ ಒಂದೇ ಎನ್ನುವುದು ಆತುರದ ತೀರ್ಪು. ತೀವ್ರಭಾವ, ಮಂದಭಾವ, ಜ್ಞಾತಭಾವ, ಅಜ್ಞಾತಭಾವ, ಅಧಿಕರಣ, ವೀರ್ಯಗಳ ಭೇದದಿಂದ ಆಸ್ರವದಲ್ಲಿಯೂ ಭೇದವುಂಟೆಂದು ಸೂತ್ರಕಾರರೇ ಒಪ್ಪಿದ್ದಾರೆ. ಪ್ರಾಣಿಯ ನೋವನ್ನು ನೆನೆದು ದೂರದ ಏಟನ್ನು ಬಿಟ್ಟುಬಿಡುವವನ ಭಾವ, ಸಿಕ್ಕಿದ್ದಕ್ಕೆ ಸಿಕ್ಕಂತೆ ಹೊಡೆಯುವವನ ಭಾವಕ್ಕಿಂತ ಮಂದ. ಜಿಂಕೆಯ ಪಕ್ಷದಿಂದ ನೋಡಿದರೂ ಕ್ಷಣದಲ್ಲಿ ಮುಗಿಯುವುದಕ್ಕೂ ಮೂರು ದಿನ ನರಳುವುದಕ್ಕೂ ಅಂತರ ಸಣ್ಣದಲ್ಲ. ಅವನಲ್ಲಿ ಅನುಕಂಪೆಯ ಬೀಜವಿದೆ ಎಂದು ಒಪ್ಪಬೇಕು. ಅದು ಇನ್ನೂ ಬಿತ್ತನೆಯಾಗಿಲ್ಲ, ಅಷ್ಟೆ.

ಹತ್ತನೆಯ ಶತಮಾನದ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವನ್ನು ತೆರೆದವರಿಗೆ ಈ ಕಾಲದ ವಾದಗಳೆಲ್ಲ ಅಲ್ಲಿ ಸರದಿಯಲ್ಲಿ ನಿಂತಿರುವಂತೆ ಕಾಣುತ್ತದೆ. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆ ಎಂಬ ವಾದವನ್ನು ಅವರು ನಿರಾಕರಿಸುತ್ತಾರೆ. ಅದು ಕಯೋಟಿಯ ಪ್ರಕರಣ. ದುಃಖದಲ್ಲಿರುವ ಜೀವವನ್ನು ಕೊಂದರೆ ದುಃಖದಿಂದ ಬಿಡುಗಡೆ ಎಂಬ ವಾದವನ್ನೂ ನಿರಾಕರಿಸುತ್ತಾರೆ. ಅದು ಚಳಿಗಾಲದ ಹಸಿದ ಜಿಂಕೆಯ ಪ್ರಕರಣ. ಕಯೋಟಿಯ ವಿಷಯದಲ್ಲಿ ಲೋಕದ ಅನುಭವವೂ ಆಚಾರ್ಯರ ಪರವಾಗಿದೆ. ಬಹುತೇಕ ರಾಜ್ಯಗಳಲ್ಲಿ ಅದಕ್ಕೆ ವರ್ಷಪೂರ್ತಿ ಬೇಟೆ, ಸಂಖ್ಯೆಗೆ ಮಿತಿಯಿಲ್ಲ. ಆದರೂ ಇಪ್ಪತ್ತನೆಯ ಶತಮಾನದಲ್ಲಿ ಅದು ಪಶ್ಚಿಮದ ಬಯಲುಗಳಿಂದ ಹೊರಟು ಪೂರ್ವ ಕರಾವಳಿಯವರೆಗೆ ಹರಡಿತು. ಜಿಂಕೆಮರಿಗಳನ್ನು ತಿನ್ನುತ್ತದೆಂದು ಕಯೋಟಿಯನ್ನು ಕೊಲ್ಲುವುದು, ಜಿಂಕೆ ಹೆಚ್ಚಿತೆಂದು ಜಿಂಕೆಯನ್ನು ಕೊಲ್ಲುವುದು: ವ್ಯಾಪಾರಿಯ ಕಣ್ಣಿಗೆ ಇದು ಒಂದೇ ಖಾತೆಯ ಎರಡು ಬದಿಯಲ್ಲಿಯೂ ಖರ್ಚು ಬರೆದಂತೆ ಕಾಣುತ್ತದೆ.

ಕುರಿಮಂದೆಯನ್ನು ಕಾಯುವ ರೈತನ ಮಾತು ಬೇರೆ. ಅವನದು ವಿರೋಧೀ ಹಿಂಸೆಗೆ ಹತ್ತಿರ. ಸೋಮದೇವಸೂರಿಗಳು ಯಶಸ್ತಿಲಕದಲ್ಲಿ ಬೆಸ್ತನನ್ನೂ ಒಕ್ಕಲಿಗನನ್ನೂ ಎದುರುಬದುರಾಗಿಟ್ಟು, ಮೀನು ಸಿಗದ ದಿನವೂ ಬೆಸ್ತನ ಸಂಕಲ್ಪ ಹಿಂಸೆಯದೇ ಎಂದೂ ಉಳುವಾಗ ಜೀವಗಳು ಸತ್ತರೂ ಒಕ್ಕಲಿಗನ ಸಂಕಲ್ಪ ಅದಲ್ಲವೆಂದೂ ತೋರಿಸಿದ್ದಾರೆ. ಈ ಅಳತೆಗೋಲಿನ ಇನ್ನೊಂದು ತುದಿಯಲ್ಲಿ ಕಯೋಟಿಗಳನ್ನು ಹೆಚ್ಚು ಕೊಂದವನಿಗೆ ಬಹುಮಾನ ಕೊಡುವ ಸ್ಪರ್ಧೆಗಳಿವೆ. ಕ್ಯಾಲಿಫೋರ್ನಿಯಾ 2014ರಲ್ಲಿ, ವರ್ಮಾಂಟ್ 2018ರಲ್ಲಿ, ನ್ಯೂ ಮೆಕ್ಸಿಕೊ 2019ರಲ್ಲಿ ಇವನ್ನು ತಡೆದವು. ಬೇಟೆಯನ್ನು ಒಪ್ಪುವ ಸಮಾಜವೇ ಬೇಟೆಯ ಒಂದು ರೂಪವನ್ನು ಭಾವದ ಕಾರಣದಿಂದ ತಿರಸ್ಕರಿಸಿತೆಂಬುದು ಜೈನರಿಗೆ ಸಮಾಧಾನದ ಸಂಗತಿ.

ಈಗ ಅಂಗಡಿಯವನು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳು ಐದು. ಅವುಗಳಲ್ಲಿ ಹಿಂಸೆಗೆ ನೆರವಾಗುವ ಉಪದೇಶ ಪಾಪೋಪದೇಶ; ಆಯುಧಾದಿಗಳನ್ನು ಒದಗಿಸುವುದು ಹಿಂಸಾದಾನ. ತೋಟಾ ಮಾರಿದರೆ ಎರಡನೆಯದು, ಯಾವ ತೋಟಾ ಎಂದು ಹೇಳಿದರೆ ಮೊದಲನೆಯದು. ಮಾರುತ್ತೇನೆ, ಆದರೆ ಬಾಯಿ ಬಿಡುವುದಿಲ್ಲ ಎಂದು ಅವನು ನಿಶ್ಚಯಿಸಬಹುದು. ಆಗ ಗಿರಾಕಿಯು ಬೆಲೆ ಕಡಿಮೆಯೆಂದು ಕಯೋಟಿಯ ಡಬ್ಬಿಯನ್ನೇ ಒಯ್ದು ಜಿಂಕೆಯ ಮೇಲೆ ಹಾರಿಸಿದರೆ, ಆ ಗಾಯಗೊಂಡ ಪ್ರಾಣಿಯ ನರಳಾಟಕ್ಕೆ ಮೌನವೂ ಪಾಲುದಾರ. ಕಪಾಟು ಇರುವಷ್ಟು ದಿನ ಸರಿಯಾದ ಮಾತನ್ನು ಹೇಳುವುದೇ ಕಡಿಮೆ ಪಾಪ. ಮೌನದಿಂದ ವ್ರತ ಉಳಿಯಿತೆಂದು ಭ್ರಮಿಸುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ. ಆದರೆ ಕಡಿಮೆ ಪಾಪದ ಆ ಮಾತೇ ಅವನನ್ನು ಕಪಾಟಿಗೆ ಇನ್ನಷ್ಟು ಕಟ್ಟಿಹಾಕುತ್ತದೆ. ತಿಳಿದು ಹೇಳುವ ಅಂಗಡಿಯವನೆಂದು ಹೆಸರು ಬಂದರೆ ಗಿರಾಕಿ ಹೆಚ್ಚುತ್ತಾರೆ, ಲೋಭಕ್ಕೆ ದಯೆಯ ವೇಷ ಸಿಗುತ್ತದೆ.

ಬಸದಿಯ ವಿಶ್ವಸ್ತರ ಮುಂದಿನ ಪ್ರಶ್ನೆಯೂ ಸುಲಭದ್ದಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೆ ಇಟ್ಟರು. ಬಂದ ಪ್ರತಿಯೊಂದು ರೂಪಾಯಿಯ ಹುಟ್ಟನ್ನು ವಿಚಾರಿಸ ಹೊರಟರೆ ಚರ್ಮೋದ್ಯಮದ ಷೇರು, ಕೀಟನಾಶಕದ ಏಜೆನ್ಸಿ, ರೇಷ್ಮೆಯ ಅಂಗಡಿ ಎಲ್ಲವೂ ಎದುರಿಗೆ ಬರುತ್ತವೆ. ಅಮೆರಿಕದ ಅಂಗಡಿಯವನನ್ನು ಮಾತ್ರ ಹೊರಗೆ ನಿಲ್ಲಿಸುವುದು ನ್ಯಾಯವಾಗದು. ಆದರೆ ದಾನಿಯೇ ಕಾಗದ ಬರೆದು, ನನ್ನ ಲಾಭದಲ್ಲಿ ಇದೂ ಸೇರಿದೆ, ಕಳುಹಿಸಲೇ ಎಂದು ಕೇಳಿದರೆ ವಿಶ್ವಸ್ತರು ರಸೀದಿ ಪುಸ್ತಕದ ಹಿಂದೆ ಅಡಗುವಂತಿಲ್ಲ. ಮೂಲನಾಯಕನು ಜಿಂಕೆಯ ಲಾಂಛನದ ಶಾಂತಿನಾಥಸ್ವಾಮಿಯಾಗಿದ್ದರಂತೂ ಉತ್ತರ ಬರೆಯುವವನ ಕೈ ತುಸು ಹೊತ್ತು ತಡೆಯುತ್ತದೆ. ದಿನಸಿಯ ಲಾಭವನ್ನು ಸ್ವೀಕರಿಸುತ್ತೇವೆ, ಕಪಾಟಿನ ಲಾಭ ಬೇಡ, ಅದನ್ನು ಮುಚ್ಚಿರಿ ಎಂದು ಬರೆಯುವುದೇ ಅವನಿಗೆ ಮಾಡುವ ಉಪಕಾರ.

ಮುಚ್ಚುವುದೂ ವ್ಯಾಪಾರದ ರೀತಿಯಲ್ಲಿಯೇ ಆಗಬೇಕಷ್ಟೆ. ಉಳಿದ ದಾಸ್ತಾನನ್ನು ರಿಯಾಯಿತಿಯಲ್ಲಿ ಹೊರದಬ್ಬಿದರೆ ಒಂದೇ ವಾರದಲ್ಲಿ ಇಡೀ ಋತುವಿನ ಹಿಂಸಾದಾನ ನಡೆದುಹೋಗುತ್ತದೆ. ಸಗಟು ವ್ಯಾಪಾರಿಗೆ ಮರಳಿಸಿದರೆ ಇನ್ನೊಂದು ಅಂಗಡಿಯಲ್ಲಿ ಮಾರಾಟವಾಗುತ್ತದೆ. ಆದರೂ ಅಲ್ಲಿ ಮಾರುವವನು ಇವನಲ್ಲ, ಬಂದ ಹಣದಲ್ಲಿ ಲಾಭವೂ ಇಲ್ಲ. ಅಧಿಕೃತವಾಗಿ ನಾಶಪಡಿಸಿದರೆ ಪೂರ್ತಿ ನಷ್ಟ. ಆ ನಷ್ಟವನ್ನು ಜೀವದಯೆಯ ದಾನವೆಂದು ತೋರಿಸುವ ಆಸೆ ಅವನಿಗೆ ಆಗಬಹುದು. ವರ್ಷಾಂತ್ಯದ ಲೆಕ್ಕದಲ್ಲಿ ಅದನ್ನು ದಾಸ್ತಾನಿನ ನಷ್ಟವೆಂದೇ ಬರೆಯತಕ್ಕದ್ದು.