ಸಾಕುವ ಕೈಯೂ ಕೊಲ್ಲುವ ಕೈಯೂ

ಶಿಬಿ ಚಕ್ರವರ್ತಿಯ ಕಥೆಯನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಗಿಡುಗಕ್ಕೆ ಹೆದರಿದ ಪಾರಿವಾಳವು ಅರಸನ ಮರೆಹೊಕ್ಕಿತು, ಅರಸನು ಅಭಯವಿತ್ತನು. ಅವನ ತ್ಯಾಗವನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಬೆನ್ನಟ್ಟಿಬಂದ ಗಿಡುಗವು ಹೂಡಿದ ವಾದವನ್ನು ಮಾತ್ರ ಬೇಗನೆ ಮರೆಯುತ್ತೇವೆ. ಪಾರಿವಾಳಕ್ಕೆ ತೋರಿದ ದಯೆಯು ತನಗೇಕಿಲ್ಲ? ದೈವವು ತನಗೆ ಕೊಟ್ಟ ಆಹಾರವನ್ನು ಕಸಿದುಕೊಂಡರೆ ತಾನು ಬದುಕುವ ಬಗೆಯೆಂತು? ಇದಕ್ಕೆ ಅರಸನಲ್ಲಿ ತರ್ಕದ ಉತ್ತರವಿರಲಿಲ್ಲ. ಆದುದರಿಂದಲೇ ತನ್ನ ಮಾಂಸವನ್ನು ಕೊಯ್ದು ತಕ್ಕಡಿಯಲ್ಲಿಟ್ಟನು. ಕಥೆಯು ಅಲ್ಲಿಗೆ ಮುಗಿಯಿತು, ಪ್ರಶ್ನೆಯು ಮುಗಿಯಲಿಲ್ಲ.

ಈ ಪ್ರಶ್ನೆಯೇ ಇಂದು ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳ ಕೆಲವು ಮನೆಗಳಲ್ಲಿ ಪ್ರತಿದಿನವೂ ಏಳುತ್ತಿದೆ. ಅಲ್ಲಿ ಫೆರೆಟ್ ಎಂಬ ಪ್ರಾಣಿಯನ್ನು ಮುದ್ದಿಗಾಗಿ ಸಾಕುವವರುಂಟು. ನೋಟಕ್ಕೆ ನಮ್ಮ ಮುಂಗುಸಿಯನ್ನು ನೆನಪಿಗೆ ತರುವ, ಕುಲದಲ್ಲಿ ನೀರುನಾಯಿಗೆ ಬಂಧುವಾದ, ಉದ್ದ ಮೈಯ ಗಿಡ್ಡಗಾಲಿನ ಪ್ರಾಣಿಯಿದು. ಯೂರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಮೃಗವು ಇದರ ಮೂಲ. ಗ್ರೀಕ್ ಭೂಗೋಳಕಾರನಾದ ಸ್ಟ್ರೇಬೋ, ಸ್ಪೇನಿನ ಜನರು ಮೊಲಗಳ ಹಾವಳಿಯನ್ನು ತಡೆಯಲು ಇಂಥ ಪ್ರಾಣಿಗಳನ್ನು ಬಿಲಗಳೊಳಕ್ಕೆ ಬಿಡುತ್ತಿದ್ದರೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಬೇಟೆಯ ಆಳಾಗಿದ್ದುದು ಕಾಲಕ್ರಮದಲ್ಲಿ ಮನೆಯ ಕೂಸಾಯಿತು. ಆದರೆ ಅದರ ಸ್ವಭಾವವು ಎಷ್ಟು ಪಳಗಿದರೂ ಜಠರವು ಪಳಗಲಿಲ್ಲ. ಅದರ ಕರುಳು ಬಹಳ ಮೋಟು. ತಿಂದುದು ಮೂರು ನಾಲ್ಕು ಗಂಟೆಗಳಲ್ಲಿ ಹೊರಬೀಳುತ್ತದೆ. ಸೊಪ್ಪು ಕಾಳುಗಳ ನಾರನ್ನು ಅದು ಅರಗಿಸಿಕೊಳ್ಳಲಾರದು. ಅನ್ನಹಾಕಿ ನಾಯಿಯನ್ನು ಸಾಕುವ ನಮ್ಮವರ ಅನುಭವವು ಇಲ್ಲಿ ಪ್ರಯೋಜನಕ್ಕೆ ಬಾರದು. ಮಾಂಸವಿಲ್ಲದೆ ಫೆರೆಟ್ಟಿಗೆ ಬದುಕಿಲ್ಲ.

ಅಂಗಡಿಯಲ್ಲಿ ಅದಕ್ಕೆಂದು ಒಣ ಆಹಾರವು ದೊರೆಯುತ್ತದೆ. ಆದರೂ ಮಾಂಸ, ಎಲುಬು, ಯಕೃತ್ತು, ಹೃದಯಗಳೆಲ್ಲ ಕೂಡಿದ ಇಡಿಯ ಬೇಟೆಯೇ ಅದರ ಪ್ರಕೃತಿಗೆ ಒಪ್ಪುವುದೆಂದು ಭಾವಿಸಿ ಸಣ್ಣ ಇಲಿಗಳನ್ನು ಕೊಡುವವರಿದ್ದಾರೆ. ಅವರಲ್ಲಿ ಕೆಲವರು, ಇಲಿಯು ಏನು ತಿಂದು ಬೆಳೆಯಿತೆಂಬುದು ತಮಗೆ ತಿಳಿದಿರಲೆಂದೂ ಖರ್ಚು ಕಡಮೆಯಾಗಲೆಂದೂ, ಇಲಿಗಳನ್ನು ಮನೆಯಲ್ಲಿಯೇ ಬೆಳೆಸುತ್ತಾರೆ. ಇದು ಕಷ್ಟದ ಕೆಲಸವಲ್ಲ. ಒಂದು ಗಂಡು, ಎರಡು ಮೂರು ಹೆಣ್ಣು, ಒಂದು ಪೆಟ್ಟಿಗೆ, ಹಾಸಲು ಒಣಹುಲ್ಲು, ಕಾಳು, ನೀರು ಇಷ್ಟಿದ್ದರೆ ಸಾಕು. ಗರ್ಭಧಾರಣೆಯಾದ ಇಪ್ಪತ್ತು ದಿನಗಳಲ್ಲಿ ಆರೆಂಟು ಮರಿಗಳು ಹುಟ್ಟುತ್ತವೆ. ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ಎರಡು ವಾರಕ್ಕೆ ಕಣ್ಣು ತೆರೆಯುತ್ತವೆ. ಮೂರು ವಾರಕ್ಕೆ ತಾಯಿಯ ಹಾಲನ್ನು ಬಿಡುತ್ತವೆ. ಆರೇಳು ವಾರಕ್ಕೆ ತಾವೇ ಮರಿಹಾಕಬಲ್ಲವು. ಗೂಡಿನಿಂದ ಹೊರಬಿದ್ದ ಮರಿಯು ನಮ್ಮ ಕಿವಿಗೆ ನಿಲುಕದ ಧ್ವನಿಯಲ್ಲಿ ಕೂಗುತ್ತದೆ. ತಾಯಿಯು ಅದನ್ನು ಕೇಳಿ ಬಾಯಲ್ಲಿ ಕಚ್ಚಿ ತಂದು ಗೂಡಿಗೆ ಸೇರಿಸುತ್ತದೆ. ಸಂಜೆ ಕಾಳುಹಾಕುವ ಕೈಯನ್ನು ಈ ಸಂಸಾರವು ಬಲುಬೇಗ ಗುರುತಿಸುತ್ತದೆ. ಒಂದು ದಿನ ಅದೇ ಕೈಯು ಬೇರೆ ಕೆಲಸಕ್ಕಾಗಿ ಪೆಟ್ಟಿಗೆಯೊಳಗೆ ಇಳಿಯುತ್ತದೆ. ಇದು ನ್ಯಾಯವೆ?

ಇದರ ಸಮರ್ಥನೆಗೆ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರಬಹುದು. ಜೀವವು ಜೀವವನ್ನು ತಿಂದು ಬಾಳುವುದು ಸೃಷ್ಟಿಯ ನಿಯಮ ಎಂಬುದು ಮೊದಲನೆಯದು. ಅಹುದು, ಆದರೆ ಕಾಡಿನ ಇಲಿಗೆ ಬಿಲವುಂಟು, ಕತ್ತಲೆಯುಂಟು, ಓಡುವ ಕಾಲುಂಟು. ತಿನ್ನುವ ಪ್ರಾಣಿಯನ್ನು ಒಂದು ಕೋಣೆಯಲ್ಲಿಯೂ ತಿನ್ನಿಸಿಕೊಳ್ಳುವ ಪ್ರಾಣಿಯನ್ನು ಇನ್ನೊಂದರಲ್ಲಿಯೂ ಇಟ್ಟು ನಡುವಣ ಬಾಗಿಲ ಬೀಗದ ಕೈಯನ್ನು ತಾನು ಹಿಡಿದಿರುವವನು, ಸೃಷ್ಟಿಯ ನಿಯಮದ ಹಿಂದೆ ಅಡಗಿಕೊಳ್ಳಲಾಗದು. ಅಲ್ಲಿ ನಿಯಮವನ್ನು ನಡಸುತ್ತಿರುವವನು ಅವನೇ.

ಎರಡನೆಯದು, ಇಲಿಯೆಂಬುದು ಎಷ್ಟರ ಪ್ರಾಣಿ, ಅಕ್ಕಿಯ ಚೀಲವನ್ನು ಕಡಿದ ಇಲಿಗೆ ನಾವು ಬೋನಿಡುವುದಿಲ್ಲವೆ, ಎಂಬುದು. ಪ್ರಾಣಿಗೆ ವಿವೇಕವಿದೆಯೆ, ಮಾತಿದೆಯೆ ಎಂದು ಕೇಳಬಾರದು, ಅದು ನೋವನ್ನು ಅನುಭವಿಸಬಲ್ಲುದೆ ಎಂದು ಕೇಳಬೇಕು, ಎಂದು ಇಂಗ್ಲೆಂಡಿನ ಬೆಂತಮ್ 1789ರಷ್ಟು ಹಿಂದೆಯೇ ವಾದಿಸಿದನು. ಆ ಪ್ರಶ್ನೆಗೆ ಉತ್ತರವು ಈಗ ದೊರೆತಿದೆ. ಜೊತೆಯ ಇಲಿಯು ನರಳುವುದನ್ನು ಕಂಡ ಇಲಿಗೆ ತನ್ನ ನೋವೂ ಹೆಚ್ಚಾಗುವುದೆಂದು ಕೆನಡದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2006ರಲ್ಲಿ ತೋರಿಸಿದರು. ಇಲಿಯ ಮುಖಭಾವದಿಂದಲೇ ಅದರ ನೋವನ್ನು ಅಳೆಯುವ ಕ್ರಮವನ್ನು 2010ರಲ್ಲಿ ಪ್ರಕಟಿಸಿದರು. ಇದಲ್ಲದೆ, ಬೋನಿಗೆ ಬಿದ್ದ ಇಲಿಯು ನಮ್ಮ ಆಶ್ರಿತನಲ್ಲ. ಪೆಟ್ಟಿಗೆಯ ಇಲಿಯಾದರೋ ನಾವು ಹಾಕಿದ ಕಾಳನ್ನು ನಂಬಿ ಬೆಳೆದುದು. ವೈರಿಯನ್ನು ಕೊಲ್ಲುವುದೂ ನಂಬಿದವನನ್ನು ಕೊಲ್ಲುವುದೂ ಒಂದೇ ಅಲ್ಲವೆಂಬುದನ್ನು ಸಂಸಾರವಂತರಿಗೆ ಹೇಳಬೇಕಾಗಿಲ್ಲ.

ಮೂರನೆಯ ಮಾತು ಹೆಚ್ಚು ಬಲವುಳ್ಳದು. ಡಬ್ಬಿಯ ಆಹಾರವನ್ನು ಕೊಳ್ಳುವವನು ಕೋಳಿಯ ಕೊಲೆಗೆ ಹಣಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತಾನೆ. ಮನೆಯಲ್ಲಿ ಇಲಿ ಬೆಳೆಸುವವನು ಕಣ್ಣು ತೆರೆದು ಮಾಡುತ್ತಾನೆ. ಆದುದರಿಂದ ಇವನೇ ಪ್ರಾಮಾಣಿಕನು, ಎಂಬುದು. ನಮ್ಮ ಜನ್ನನ ಯಶೋಧರಚರಿತೆಯನ್ನು ಬಲ್ಲವರು ಈ ವಾದವನ್ನು ಹಗುರವಾಗಿ ತಳ್ಳಲಾರರು. ಅಲ್ಲಿ ಅರಸನು ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಹಿಂಸೆಯು ಅವನನ್ನು ಜನ್ಮಜನ್ಮಗಳಲ್ಲಿ ಬೆನ್ನಟ್ಟಿತು. ಸಂಕಲ್ಪವೇ ಮುಖ್ಯವಾದರೆ, ಕತ್ತಿಯು ಪರರ ಕೈಯಲ್ಲಿತ್ತೆಂಬ ಮಾತ್ರಕ್ಕೆ ಡಬ್ಬಿಯನ್ನು ಕೊಂಡವನು ನಿರ್ದೋಷಿಯಾಗುವುದಿಲ್ಲ. ಇಷ್ಟನ್ನು ಒಪ್ಪತಕ್ಕದ್ದೇ.

ಆದರೆ ಪ್ರಾಮಾಣಿಕತೆಯೊಂದರಿಂದಲೇ ಲೆಕ್ಕವು ತೀರುವುದಿಲ್ಲ. ಬೆಳೆದ ಇಲಿಯ ತೂಕವು ಇಪ್ಪತ್ತೈದು ಗ್ರಾಮಿನ ಆಸುಪಾಸು. ಇಲಿಯನ್ನೇ ನೆಚ್ಚಿದ ಫೆರೆಟ್ಟಿಗೆ ದಿನಕ್ಕೆ ಮೂರೇ ಸಾಕೆಂದು ಇಟ್ಟುಕೊಂಡರೂ ವರ್ಷಕ್ಕೆ 1,095 ಆಯಿತು. ಆರು ವರ್ಷ ಬದುಕಿದರೆ 6,570. ಒಂದು ಮುದ್ದಿನ ಪ್ರಾಣಿಗಾಗಿ ಇಷ್ಟು ಪ್ರಾಣಗಳು! ದೊಡ್ಡ ಪ್ರಾಣಿಯೊಂದರ ಮಾಂಸವು ಎಷ್ಟೋ ದಿನಗಳಿಗೆ ಬರುತ್ತದೆ. ಕಣ್ಣೆದುರಿನ ಹಿಂಸೆಯು ಹೆಚ್ಚು ಸತ್ಯವಾಗಿರಬಹುದು. ಕಡಮೆಯಾಗಿರಬೇಕೆಂಬ ನಿಯಮವೇನೂ ಇಲ್ಲ.

ಇನ್ನೂ ಒಂದು ಭಯವಿದೆ. ಪ್ರತಿದಿನವೂ ಕಾಣುವ ಕಣ್ಣು ಮೃದುವಾಗುವುದೋ, ಜಡ್ಡುಗಟ್ಟುವುದೋ? ತಿನ್ನಿಸುವ ಇಲಿಗೆ ಹೆಸರಿಡಬಾರದೆಂದು ಇಂಥ ಮನೆಯ ಹಿರಿಯರು ಮಕ್ಕಳಿಗೆ ಹೇಳಿಯಾರು. ಮಕ್ಕಳ ಮನಸ್ಸು ನೋಯಬಾರದೆಂಬುದು ಇದರ ಉದ್ದೇಶ, ಅದು ಸರಿಯೇ. ಆದರೆ ಈ ನಿಯಮವು ಕಾಪಾಡುವುದು ಮನೆಯವರನ್ನು, ಇಲಿಯನ್ನಲ್ಲ. ಹೆಸರಿಲ್ಲದುದರ ನೋವು ಬಹುಬೇಗ ಲೆಕ್ಕಕ್ಕೆ ಬಾರದಂತಾಗುತ್ತದೆ. ಇಕ್ಕಟ್ಟಾದ ಪೆಟ್ಟಿಗೆ, ಬದಲಾಯಿಸದ ಹುಲ್ಲು, ಬಿಡುವಿಲ್ಲದೆ ಹೆರುವ ತಾಯಿ, ತಮಾಷೆಗೆಂದು ಜೀವಂತವಾಗಿಯೇ ಫೆರೆಟ್ಟಿನ ಮುಂದೆ ಎಸೆಯುವುದು, ಇವೆಲ್ಲವೂ ಈ ಮರೆವಿನಿಂದ ಹುಟ್ಟುವ ಪಾಪಗಳು. ಅಜ್ಞಾನವೂ ಇಲ್ಲಿ ಕ್ರೌರ್ಯವಾಗಬಲ್ಲುದು. ಎಳೆಯ ಮರಿಯು ಸುಲಭವಾಗಿ ಸಾಯುವುದೆಂದು ನಾವು ಊಹಿಸುತ್ತೇವೆ. ನಿಜವಾಗಿ, ಇಂಗಾಲಾಮ್ಲ ವಾಯುವಿನಲ್ಲಿಟ್ಟರೆ ನವಜಾತ ಮರಿಯು ಬೆಳೆದ ಇಲಿಗಿಂತ ಬಹಳ ಹೆಚ್ಚು ಹೊತ್ತು ಜೀವಹಿಡಿದಿರುತ್ತದೆ.

ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ 2006ರಲ್ಲಿ ಆದ ಪ್ರಾಣಿಕ್ಷೇಮದ ಶಾಸನವು ಈ ವಿಷಯದಲ್ಲಿ ಮೆಚ್ಚತಕ್ಕದ್ದಾಗಿದೆ. ಬೆನ್ನೆಲುಬುಳ್ಳ ಪ್ರಾಣಿಯು ಯಾರ ವಶದಲ್ಲಿದೆಯೋ ಅವರು ಅದಕ್ಕೆ ತಕ್ಕ ನೆಲೆ, ಆಹಾರ, ನೋವಿನಿಂದ ರಕ್ಷಣೆ ಇವುಗಳನ್ನು ಒದಗಿಸಬೇಕೆಂದು ಅದು ವಿಧಿಸುತ್ತದೆ. ಮುದ್ದಿನದು ಮತ್ತು ಮೇವಿನದು ಎಂಬ ಭೇದವನ್ನೆಣಿಸುವುದಿಲ್ಲ. ಕೊಲ್ಲುವುದನ್ನು ಅದು ನಿಷೇಧಿಸಲಿಲ್ಲ, ಕರುಣೆಯಿಂದ ಕೊಲ್ಲಬೇಕೆಂದಿತು. ಶಾಸನವು ಹೇಳಬಹುದಾದುದು ಇಷ್ಟೇ. ಮಿಕ್ಕುದನ್ನು ಮನುಷ್ಯನ ಅಂತಃಕರಣವು ಹೇಳಬೇಕು.

ನನಗೆ ತೋರುವುದಿಷ್ಟು. ಫೆರೆಟ್ ಮನೆಗೆ ಬಂದಮೇಲೆ ಅದನ್ನು ಹಸಿವೆಯಿಂದ ಕೆಡಹುವುದು ಅಹಿಂಸೆಯಲ್ಲ. ಆದುದರಿಂದ ಇಲಿಯನ್ನು ಕೊಡುವ ದಿನ ಧರ್ಮಸಂಕಟವು ಹುಟ್ಟುವುದಿಲ್ಲ. ಮುದ್ದಿನ ಆಸೆಯಿಂದ ಫೆರೆಟ್ಟನ್ನು ತಂದ ದಿನವೇ ಅದು ಹುಟ್ಟಿರುತ್ತದೆ. ಶಿಬಿಯು ಗಿಡುಗವನ್ನು ಕರೆತಂದವನಲ್ಲ. ಈ ಗೃಹಸ್ಥನಾದರೋ ಗಿಡುಗವನ್ನೂ ಪಾರಿವಾಳವನ್ನೂ ತಾನೇ ತಂದು ತಕ್ಕಡಿಯನ್ನು ಹಿಡಿದಿದ್ದಾನೆ. ಅದರಲ್ಲಿಡುವ ಮಾಂಸ ಮಾತ್ರ ಅವನದಲ್ಲ. ತನ್ನದೆಂಬುದನ್ನು ಸ್ವಲ್ಪವಾದರೂ ಅವನು ಇಡಲಿ. ಇಲಿಗಳ ಬಾಳು ಇರುವಷ್ಟು ದಿನವೂ ಹಸನಾಗಿರುವಂತೆ ತನ್ನ ಶ್ರಮವನ್ನಿಡಲಿ. ಬೇಕಾದುದಕ್ಕಿಂತ ಒಂದನ್ನೂ ಹೆಚ್ಚಾಗಿ ಹುಟ್ಟಿಸದಿರಲಿ. ನೋವಿಲ್ಲದೆ ಕೊಲ್ಲುವುದನ್ನು ಬಲ್ಲವರಿಂದ ಕಲಿಯಲಿ, ಕಲಿಯಲಾರದಿದ್ದರೆ ಆ ಕೆಲಸಕ್ಕೆ ಕೈಹಾಕದಿರಲಿ. ಮುದ್ದಿನ ಫೆರೆಟ್ಟಿಗೆ ಆಯುಸ್ಸು ತೀರಿದಮೇಲೆ, ಮತ್ತೊಂದನ್ನು ತರುವ ಮೊದಲು, 6,570 ಎಂಬ ಅಂಕೆಯನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ.

ಫೆರೆಟ್ಟನ್ನು ಕಾಣದ ನಮ್ಮ ಮನೆಗಳಿಗೆ ಇದರಿಂದೇನು, ಎಂದು ವಾಚಕರು ಕೇಳಬಹುದು. ನಮ್ಮ ಮಮತೆಯ ವೆಚ್ಚವನ್ನು ತೆರುವವರು ಅನೇಕವೇಳೆ ನಾವಲ್ಲ. ಯಾರು ತೆರುತ್ತಿದ್ದಾರೆಂದು ಹುಡುಕಿ ನೋಡುವುದು ಎಲ್ಲ ಮನೆಗಳಿಗೂ ಸೇರಿದ ಕೆಲಸ.